ಸಾರವಾಡದ ನೀಲಿ ಕಾಗದ

ವಿಜಾಪುರ, ೧೨ ಜನವರಿ ೧೯೭೮

ಪ್ರಾಚಾರ್ಯರಿಗೆ, ರಸಾಯನ ಪ್ರಯೋಗಾಲಯದ ಸಬೀರಾಳ ನಮಸ್ಕಾರಗಳು.

ಗಾಳಿಯಲ್ಲಿ ಓಝೋನ್ ಹೆಚ್ಚಿದಷ್ಟೂ ನೀಲಿಯಾಗುವ ನನ್ನ ಕಾಗದ, ನಮ್ಮ ಬಸ್ ನಿಲ್ದಾಣಕ್ಕಿಂತ ಸಾರವಾಡದ ಹೊಲದಲ್ಲೇ ಹೆಚ್ಚು ನೀಲಿಯಾಯಿತು. “ಆ ಹಳ್ಳ್ಯಾಗ ಗಾಡಿ ಎಲ್ಲಿ ಅದಾವ? ನಿನ್ನ ಲೆಕ್ಕ ತಪ್ಪೇತಿ, ಆ ಅಂಕಿ ಅಳಿಸಿಬಿಡು” ಎಂದಿರಿ.

ಲೆಕ್ಕ ಸರಿಯಿದೆ. ಪೇಟೆಯ ಹೊಗೆ ಮೂಡಗಾಳಿಗೆ ಸಿಕ್ಕು ಸಾರವಾಡದತ್ತ ಹೋಗುತ್ತದೆ. ದಾರಿಯುದ್ದಕ್ಕೂ ಬಿಸಿಲು ಕುಡಿದು ಓಝೋನ್ ಹುಟ್ಟಿಸುತ್ತದೆ. ಬಸ್ ಮುಷ್ಕರದ ಮೂರು ದಿನ ಅಲ್ಲಿನ ಕಾಗದ ಬಣ್ಣವನ್ನೇ ಹಿಡಿಯಲಿಲ್ಲ. ಅದನ್ನು ಕಟ್ಟಿದ ಹೊಲದೊಡತಿ ಚಂದ್ರಾಬಾಯಿಯನ್ನೇ ಕೇಳಿ.

ಅಂಕಿ ಅಳಿಸುವುದಿಲ್ಲ. ಅಳಿಸದಿದ್ದರೆ ನಮ್ಮ ಸಂಸ್ಥೆಯದೇ ಆದ ಸಾರವಾಡದ ಶಾಲೆಗೆ ವರ್ಗ ಮಾಡುತ್ತೇನೆಂದು ಹೆದರಿಸಿದಿರಿ. ದಯವಿಟ್ಟು ಆ ಆದೇಶವನ್ನು ಈ ವಾರವೇ ಕೊಡಿ. ಮೂಡಗಾಳಿ ಇನ್ನೊಂದು ತಿಂಗಳು ಬೀಸುತ್ತದೆ. ಅಲ್ಲಿದ್ದರೆ ಕಾಗದವನ್ನು ದಿನಾ ನಾನೇ ಕಟ್ಟಬಹುದು.

ಇತಿ,
ಸಬೀರಾ