ಮೂರನೆಯ ಕನ್ನಡಿಯ ಹಿಂದೆ

ಎದಿರ್ನೆ
ಮೇ 12, 2025, ಸೋಮವಾರ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಪುಟ್ಟ ತಂಗಿ ಗುಲ್ತೆನ್‌ಗೆ,

ಅಕ್ಕ ನೆಜ್ಲಾಳ ಮುತ್ತುಗಳು. ಕೈಯಲ್ಲಿ ಫೋನು ಇರುವಾಗ ಈ ಮುದುಕಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ನಗಬಹುದು. ಫೋನಿನಲ್ಲಿ ನಾನು ಬಹಳ ಚೆನ್ನಾಗಿ ಸುಳ್ಳು ಹೇಳುತ್ತೇನೆ ಕಣೇ. ಮೂವತ್ತು ವರ್ಷ ಮದುವೆ ಹೆಣ್ಣುಗಳಿಗೆಲ್ಲ ಈ ಗೌನು ನಿನಗೆಂದೇ ಹೊಲಿದ ಹಾಗಿದೆ ಎಂದು ಹೇಳಿ ಹೇಳಿ ಪಳಗಿದ ನಾಲಿಗೆ ಇದು. ಕೈ ಅಷ್ಟೊಂದು ಪಳಗಿಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ.

ನಿನ್ನೆ ನೀನು ಅಮ್ಮಂದಿರ ದಿನವೆಂದು ಫೋನು ಮಾಡಿ ನನ್ನ ಮಂಡಿನೋವು ವಿಚಾರಿಸಿದೆ. ಆಮೇಲೆ ಮಗಳು ಸೆವ್ದಾಳ ಸುದ್ದಿ ಹೇಳಿದೆ. ಜೂನ್ ಮೊದಲ ವಾರ ಬಾಣಂತನಕ್ಕೆ ಬರುತ್ತಾಳೆ, ತೊಟ್ಟಿಲನ್ನು ಕಿಟಕಿಯ ಪಕ್ಕ ಇಟ್ಟಾಗಿದೆ, ನಲವತ್ತು ದಿನ ಮಗಳನ್ನೂ ಮಗುವನ್ನೂ ಹೊಸಿಲು ದಾಟಿಸುವುದಿಲ್ಲ ಎಂದೆ. ರಾಸಿಮ್ ಭೂಕಂಪಕ್ಕೆ ಹೆದರಿ, ಹಳ್ಳಿಯ ಕಡೆ ಒಂದಂತಸ್ತಿನ ಬಾಡಿಗೆ ಮನೆ ನೋಡಿ ಮಾತಾಡಿಕೊಂಡೂ ಬಂದಿದ್ದನಂತೆ. ನೀನೇ ಬೇಡವೆಂದೆಯಂತೆ. 'ಅಕ್ಕ ರೊಟ್ಟಿ ಮುಟ್ಟಿ ಹೇಳಿದಾಳೆ ಕಣ್ರೀ, ಇನ್ನೇನ್ ಬೇಕು ನಿಮ್ಗೆ?' ಎಂದು ಗಂಡನ ಬಾಯಿ ಮುಚ್ಚಿಸಿದೆಯಂತೆ. ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದೆ! ನಾನು ಒಳ್ಳೆಯದಾಯಿತು ಬಿಡು ಎಂದೆ. ಫೋನು ಕೆಳಗಿಟ್ಟ ಮೇಲೆ ಸೊಸೆ ಬಡಿಸಿದ ತಟ್ಟೆ ಹಾಗೇ ಉಳಿಯಿತು.

ಆ ರೊಟ್ಟಿಯ ವಿಷಯಕ್ಕೇ ಬರುತ್ತೇನೆ. ಏಪ್ರಿಲ್ ಇಪ್ಪತ್ತಮೂರು, ಮಕ್ಕಳ ಹಬ್ಬದ ರಜೆ, ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿತ್ತು. ನೀನು ಮೇಲೆ ಮೆಣಸಿನಕಾಯಿ ಕರಿಯುತ್ತಿದ್ದೆ, ನಾನು ಕೆಳಗೆ ಅಂಗಡಿಯಲ್ಲಿ ಒಂದು ಗೌನಿನ ಅಂಚು ಮಡಿಸುತ್ತಿದ್ದೆ. ಮೊದಲು ಹ್ಯಾಂಗರುಗಳು ಕಿಣಿಕಿಣಿ ಎಂದವು. ಆಮೇಲೆ ಇಡೀ ಸಿಲಿವ್ರಿ ಊರೇ ಜರಡಿಯಲ್ಲಿ ಬಿದ್ದ ಕಾಳಾಯಿತು. ನೀನು ಒಂದು ಕೈಯಲ್ಲಿ ಜಾಲರಿ ಸೌಟು ಹಿಡಿದೇ ಮೂರು ಮಹಡಿ ಇಳಿದು ಬಂದಿದ್ದೆ, ನೆನಪಿದೆಯೇ? ಪಾರ್ಕಿನಲ್ಲಿ ಎಲ್ಲರೂ ಅಳುತ್ತಿದ್ದರೆ ಎರಡನೇ ಮಹಡಿಯ ಫೆರಿದುನ್ ಮೇಷ್ಟ್ರು ನಿನ್ನ ಸೌಟು ನೋಡಿ, 'ಏನಮ್ಮಾ, ಭೂಕಂಪಕ್ಕೆ ಹೊಡೆಯೋಕ್ ಬಂದ್ರಾ?' ಎಂದಿದ್ದರು. ಆ ರಾತ್ರಿಯೆಲ್ಲ ಪಾರ್ಕಿನಲ್ಲೇ ಕಂಬಳಿ ಹೊದ್ದು ಕುಳಿತೆವು. ಮರುದಿನ ಬೆಳಿಗ್ಗೆ ರಾಸಿಮ್ ಬೇಕರಿಯಿಂದ ಬಿಸಿ ರೊಟ್ಟಿ ತಂದ. ನೀನು ಚಹಾದ ಲೋಟ ನನ್ನ ಕೈಗೆ ಕೊಟ್ಟು, ಮೆಲ್ಲಗೆ ಕೇಳಿದೆ. 'ಅಕ್ಕಾ, ನಿಜ ಹೇಳು, ನಮ್ ಕಟ್ಟಡ ಗಟ್ಟಿ ಇದೆ ತಾನೆ? ಅರ್ಜಿ ಹಾಕಿ ಒಂದ್ಸಲ ಪರೀಕ್ಷೆ ಮಾಡಿಸ್‌ಬಿಡೋಣ್ವಾ?'

ನಾನು ರಾಸಿಮ್‌ನ ಕೈಯಿಂದ ರೊಟ್ಟಿ ಕಿತ್ತುಕೊಂಡು, ಮುತ್ತಿಟ್ಟು, ಹಣೆಗೆ ಒತ್ತಿಕೊಂಡೆ. 'ತೊಂಬತ್ತೊಂಬತ್ತರ ಭೂಕಂಪಾನೇ ನೋಡಿ ನಿಂತ ಕಟ್ಟಡ ಕಣೇ ಇದು. ಇದ್ರಲ್ಲೇನಾದ್ರೂ ಐಬಿದ್ರೆ ಈ ರೊಟ್ಟಿ ನನ್ನ ಹೊಡೀಲಿ' ಎಂದೆ. ನಿನ್ನ ಮುಖ ಅಲ್ಲೇ ಅರಳಿತು. ಅದನ್ನು ನೋಡಿ ನನಗೂ ಒಂದು ಗಳಿಗೆ ಸಮಾಧಾನವಾಯಿತು. ಅಷ್ಟು ಕೆಟ್ಟವಳು ನಾನು.

ಐಬಿದೆ, ಗುಲ್ತೆನ್. ಮೊದಲಿಂದ ಹೇಳುತ್ತೇನೆ, ನಡುವೆ ಬಯ್ಯಬೇಡ.

ನಮ್ಮ ಮನೆತನದ ಕಥೆ ನಿನಗೆ ಗೊತ್ತು, ಆದರೆ ನೀನು ಅದನ್ನು ಅಜ್ಜಿಯ ತಮಾಷೆಯಾಗಿ ಮಾತ್ರ ಕೇಳಿದ್ದೀಯ. ಮೂವತ್ತೊಂಬತ್ತರ ಹಿಮದಲ್ಲಿ ಎರ್ಜಿಂಜಾನ್ ನೆಲಸಮವಾದಾಗ ಫಿದಾನ್ ಅಜ್ಜಿಗೆ ಹತ್ತೊಂಬತ್ತು ವರ್ಷ. ಇಬ್ಬರು ತಮ್ಮಂದಿರನ್ನು ಅಲ್ಲಿ ಬಿಟ್ಟು ಪಡುವಣಕ್ಕೆ ಬಂದಳು, ಗೆರೆದೆಗೆ. ನಲವತ್ತನಾಲ್ಕರಲ್ಲಿ ಗೆರೆದೆ ಬಿತ್ತು. ಇನ್ನೂ ಕೂಸಾಗಿದ್ದ ಅಪ್ಪನನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೂ ಪಡುವಣಕ್ಕೆ, ಅದಾಪಜಾರಿಗೆ ಬಂದಳು. ಅರುವತ್ತೇಳರಲ್ಲಿ ಅದೂ ನಡುಗಿತು. ನನಗಾಗ ನಾಲ್ಕು ವರ್ಷ. ಗೋಡೆಯಿಂದ ಕಳಚಿ ಬಿದ್ದ ಗಡಿಯಾರದ ಸದ್ದು ಮಾತ್ರ ನೆನಪಿದೆ. ಆಮೇಲೆ ಇಲ್ಲಿ, ಸಮುದ್ರದ ಬದಿಗೆ. 'ಭೂಕಂಪಕ್ಕೂ ನಮ್ಗೂ ಬೀಗಸ್ತನ ಕಣ್ರೋ, ಹೋದಲ್ಲೆಲ್ಲಾ ಹುಡುಕ್ಕೊಂಡ್ ಬರುತ್ತೆ' ಎಂದು ಅಜ್ಜಿ ನಗುತ್ತಿದ್ದಳು. ಈಗ ಟೀವಿಯಲ್ಲಿ ಪ್ರೊಫೆಸರುಗಳು ನಕ್ಷೆ ಇಟ್ಟುಕೊಂಡು ಅದನ್ನೇ ಹೇಳುತ್ತಾರೆ. ಭೂಮಿಯ ಬಿರುಕು ಮೂಡಣದಿಂದ ಪಡುವಣಕ್ಕೆ ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು ಬರುತ್ತಿದೆ, ಬಿಚ್ಚದೆ ಉಳಿದಿರುವ ತುಂಡು ನಮ್ಮ ಎದುರಿನ ಮರ್ಮರಾ ಸಮುದ್ರದಡಿಯಲ್ಲಿದೆ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ನಡುಗಿದ್ದು ಅದರ ಒಂದು ಮೂಲೆಯಂತೆ. ಅಜ್ಜಿ ಓದು ಬರಹ ಬಾರದೆಯೇ ಆ ನಕ್ಷೆಯ ಮೇಲೆ ಬರಿಗಾಲಲ್ಲಿ ನಡೆದಿದ್ದಳು.

ಅಪ್ಪ ಹೈರಿ ಮೇಸ್ತ್ರಿ ಆ ಕಟ್ಟಡ ಕಟ್ಟಿದ್ದು ಎಪ್ಪತ್ತೊಂಬತ್ತರಲ್ಲಿ. ನಿನಗೆ ಒಂಬತ್ತು, ನನಗೆ ಹದಿನಾರು. ಮರಳಿನ ರಾಶಿಯಿಂದ ನಾವಿಬ್ಬರೂ ಕಪ್ಪೆಚಿಪ್ಪು ಆರಿಸಿ ಸರ ಪೋಣಿಸುತ್ತಿದ್ದೆವಲ್ಲ, ಅದು ಸಮುದ್ರದ ಮರಳು. ಉಪ್ಪಿನ ಮರಳು ಕಬ್ಬಿಣವನ್ನು ತಿನ್ನುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು? ಗೊತ್ತಿದ್ದವರೂ ಅದನ್ನೇ ತರುತ್ತಿದ್ದರು. ಮಾಳಿಗೆಯ ಮೇಲೆ ಅಪ್ಪ ನಿನ್ನ ಮದುವೆಗೆಂದು ಕಬ್ಬಿಣದ ಕಂಬಿಗಳನ್ನು ಮೊಳಕೆಯ ಹಾಗೆ ಮೇಲಕ್ಕೆ ಬಿಟ್ಟಿದ್ದ. ಹದಿಮೂರು ವರ್ಷ ಮಳೆಗೆ ತುಕ್ಕು ಹಿಡಿದ ಆ ಕಂಬಿಗಳ ಮೇಲೆಯೇ ನಿನ್ನ ಮನೆ ಎದ್ದಿತು. ಅನುಮತಿಯಿಲ್ಲದೆ ಎದ್ದ ಆ ಹೆಚ್ಚುವರಿ ಮಹಡಿಗೆ ಆಮೇಲೆ ಸರ್ಕಾರದ ಮಾಫಿ ಕಾಗದವೂ ಸಿಕ್ಕಿತು. ಕಾಗದ ಸೂರನ್ನು ಹೊರುವುದಿಲ್ಲ, ಬಿಡು.

ಇಷ್ಟಾದರೂ ಕಟ್ಟಡ ನಿಲ್ಲುತ್ತಿತ್ತೇನೋ. ಕೆಳಗೆ ಅಪ್ಪ ಎಂಟು ಪಿಲ್ಲರ್ ಹಾಕಿದ್ದ. ಈಗ ಇರುವುದು ಏಳು.

ಎಂಟನೆಯದು ಸರಿಯಾಗಿ ಅಂಗಡಿಯ ನಡುವಿನಲ್ಲಿತ್ತು, ನೀನು ಮರೆತಿರಬಹುದು. ಮದುವೆ ಹೆಣ್ಣು ಗೌನು ತೊಟ್ಟು ತಿರುಗಿದರೆ ಹಿಂಬದಿಯ ಸೆರಗು ಅದಕ್ಕೇ ಸುತ್ತಿಕೊಳ್ಳುತ್ತಿತ್ತು. ಕನ್ನಡಿಯಲ್ಲಿ ಅರ್ಧ ಹುಡುಗಿ, ಅರ್ಧ ಪಿಲ್ಲರ್. ಎದುರಿನ ಬೀದಿಯಲ್ಲಿ ಹೊಸ ಅಂಗಡಿ ತೆರೆದು ಗಿರಾಕಿಗಳೆಲ್ಲ ಅಲ್ಲಿಗೆ ಹೋಗತೊಡಗಿದ್ದರು. ತೊಂಬತ್ತಾರರ ವಸಂತದಲ್ಲಿ ಅಪ್ಪ ಹಜ್ ಯಾತ್ರೆಗೆ ಹೋದ. ಹೋಗುವಾಗ ವಾಡಿಕೆಯಂತೆ ಎಲ್ಲರ ಕ್ಷಮೆ ಕೇಳಿದ, ಎಲ್ಲರನ್ನೂ ಕ್ಷಮಿಸಿದ. ಆತ ಹೋದ ಮೇಲೆ ನಿನ್ನ ಭಾವ ಜೆವಾತ್ ಇಬ್ಬರು ಕೂಲಿಗಳನ್ನು ಕರೆಸಿ ಆ ಪಿಲ್ಲರ್ ಕಡಿಸಿದ. ಎರಡು ದಿನದ ಕೆಲಸ. ಸೂರಿನಲ್ಲಿ ಉಳಿದ ಮೋಟಿಗೆ ಪ್ಲಾಸ್ಟರಿನ ಹೂಬಳ್ಳಿ ಮೆತ್ತಿಸಿದೆವು. ಬಂದವರೆಲ್ಲ ಎಷ್ಟು ಚೆಂದ ಎನ್ನುತ್ತಿದ್ದರು. ಊರಿನಲ್ಲಿ ಇನ್ನೂ ಎಷ್ಟೋ ಅಂಗಡಿಗಳವರು ಹೀಗೇ ಮಾಡಿದ್ದರು, ಯಾರಿಗೂ ಅದು ತಪ್ಪೆನಿಸಲಿಲ್ಲ. ಸತ್ತವನ ಮೇಲೆ ಹೇಳಬಾರದು, ಆದರೆ ಹೇಳದೆ ಗತಿಯಿಲ್ಲ.

ಅಪ್ಪ ಮರಳಿ ಬಂದು, ಖರ್ಜೂರದ ಪೊಟ್ಟಣ ಕೈಯಲ್ಲಿ ಹಿಡಿದೇ ಅಂಗಡಿಯೊಳಗೆ ಕಾಲಿಟ್ಟ. ಪಿಲ್ಲರ್ ಇದ್ದ ಜಾಗದಲ್ಲಿ ನಿಂತು ಮೇಲೆ ನೋಡಿದ. ಅಂದಿನಿಂದ ಸಾಯುವ ತನಕ ಆ ಬಾಗಿಲು ತುಳಿಯಲಿಲ್ಲ, ಅಳಿಯನ ಜೊತೆ ಒಂದು ಪಂಕ್ತಿಯಲ್ಲಿ ಉಣ್ಣಲಿಲ್ಲ. ಹಾಜಿ ಆದ ಮೇಲೆ ಅಳಿಯನ ಕುಡಿತ ಸಹಿಸುತ್ತಿಲ್ಲ ಎಂದು ನೀನು ತಿಳಿದಿದ್ದೆ. ನಾನು ಹಾಗೇ ತಿಳಿಯಲು ಬಿಟ್ಟೆ. ಜೆವಾತ್ ಹಬ್ಬಕ್ಕೆ ಒಂದು ಲೋಟ ಕುಡಿದರೂ ಮರುದಿನ ತಲೆ ಹಿಡಿದು ಕೂರುವ ಪ್ರಾಣಿ.

ತೊಂಬತ್ತೊಂಬತ್ತರಲ್ಲಿ ಕಟ್ಟಡ ನಿಂತಿತು. ಅದೇ ನಮ್ಮನ್ನು ಕೆಡಿಸಿತು. ಒಮ್ಮೆ ನಿಂತದ್ದು ಇನ್ನೊಮ್ಮೆಯೂ ನಿಲ್ಲುತ್ತದೆ ಎಂದು ಇಡೀ ಬೀದಿ ನಂಬಿತು. ಎಡಗೋಡೆಯ ಪಿಲ್ಲರ್‌ನಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಅದರ ಮೇಲೆ ಮೂರನೆಯ ಕನ್ನಡಿ ಹಾಕಿಸಿದೆ. ಪಾರ್ಕಿನಲ್ಲಿ ಆಣೆ ಇಟ್ಟ ದಿನ ಸಂಜೆ ಒಬ್ಬಳೇ ಹೋಗಿ ಆ ಕನ್ನಡಿಯನ್ನು ಸರಿಸಿದೆ. ಈಗ ಬಿರುಕಿನೊಳಗೆ ನನ್ನ ಮೂರು ಬೆರಳು ಹೋಗುತ್ತವೆ. ಒಳಗೆ ಕಂಬಿ ಬಿಸ್ಕತ್ತಿನ ಹಾಗೆ ಉದುರುತ್ತದೆ. ಬೆರಳಿಗೆ ಏನೋ ಚುಚ್ಚಿತು, ತೆಗೆದು ನೋಡಿದರೆ ಕಪ್ಪೆಚಿಪ್ಪು. ಕನ್ನಡಿಯನ್ನು ಮತ್ತೆ ಅಲ್ಲಿಗೇ ತಳ್ಳಿ, ನಿನಗೆ ಮಂಡಿನೋವಿನ ನೆಪ ಹೇಳಿ, ಮರುದಿನದ ಬಸ್ಸಿಗೆ ಎದಿರ್ನೆಗೆ, ಮಗ ತೋಲ್ಗಾನ ಮನೆಗೆ ಬಂದುಬಿಟ್ಟೆ.

ಮಂಡಿಗೆ ಏನೂ ಆಗಿಲ್ಲ, ಗುಲ್ತೆನ್. ಇಲ್ಲಿನ ನೆಲ ಗಟ್ಟಿ ಎನ್ನುತ್ತಾರೆ, ಅದಕ್ಕೆ ಬಂದೆ. ನಿನ್ನನ್ನು ಆ ಬಿರುಕಿನ ಮೇಲೆ ಮಲಗಿಸಿ ನಾನು ಇಲ್ಲಿ ಮೊದಲ ರಾತ್ರಿಯೇ ಒಂಬತ್ತು ಗಂಟೆ ಗೊರಕೆ ಹೊಡೆದೆ. ಬೆಳಿಗ್ಗೆ ಎದ್ದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಯಾಕೆ ಸುಳ್ಳು ಹೇಳಿದೆ ಎಂದರೆ, ಒಬ್ಬ ಮಾಲೀಕ ಅರ್ಜಿ ಹಾಕಿದರೂ ಸಾಕು, ಪರೀಕ್ಷೆಯವರು ಗೋಡೆ ಕೊರೆದು ನೋಡುತ್ತಾರೆ. ಅಪಾಯವೆಂದು ಬರೆದರೆ ಎಲ್ಲರೂ ಖಾಲಿ ಮಾಡಬೇಕು, ಕಟ್ಟಡ ಬೀಳಿಸುತ್ತಾರೆ. ನನ್ನ ಅಂಗಡಿ ಹೋಗುತ್ತದೆ, ನಿನ್ನ ತಲೆಯ ಮೇಲಿನ ಸೂರು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಂಟನೆಯದು ಎಲ್ಲಿ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ನಾನು ಭೂಕಂಪಕ್ಕಿಂತ ಹೆಚ್ಚು ಹೆದರಿದ್ದೇನೆ.

ಈಗ ನಿನ್ನಲ್ಲಿ ಒಂದೇ ಬೇಡಿಕೆ. ಸೆವ್ದಾ ಅಲ್ಲಿಗೆ ಬರಕೂಡದು. ತೊಟ್ಟಿಲು ಎತ್ತಿಸು, ರಾಸಿಮ್ ನೋಡಿದ ಮನೆಗೆ ಈ ವಾರವೇ ಹೋಗಿ. ಯಾರಾದರೂ ಕೇಳಿದರೆ ಗೋಡೆಗೆ ತೇವ, ಎಳೆಗೂಸಿಗೆ ಆಗುವುದಿಲ್ಲ ಎಂದು ಹೇಳು. ಉಳಿದವರಿಗೆ ನಾನು ನಿಧಾನವಾಗಿ ಏನಾದರೂ ದಾರಿ ಮಾಡುತ್ತೇನೆ. ಸದ್ಯ ಈ ಕಾಗದ ಓದಿ ಒಲೆಗೆ ಹಾಕು. ನನ್ನ ಮೇಲೆ ಕೋಪವಿರಲಿ, ಆದರೆ ಅದನ್ನು ಆ ಹಳ್ಳಿ ಮನೆಯಲ್ಲಿ ಕುಳಿತು ಮಾಡಿಕೊ.

ನಿನ್ನ ಕಣ್ಣಿಗೆ ಮುತ್ತಿಡುವ,
ಅಕ್ಕ ನೆಜ್ಲಾ

ಮರೆತು ಬಿಟ್ಟದ್ದು:

ಮೇ 14, ಬುಧವಾರ ಮಧ್ಯಾಹ್ನ. ಮರೆತದ್ದಲ್ಲ, ಬಚ್ಚಿಟ್ಟದ್ದು.

ಪತ್ರವನ್ನು ನಿನ್ನೆ ಅಂಚೆಗೆ ಹಾಕಲು ಹೋದವಳು ಸಾಲಿನಲ್ಲಿ ನಿಂತು ಇನ್ನೊಮ್ಮೆ ಓದಿದೆ. 'ಉಳಿದವರಿಗೆ ನಿಧಾನವಾಗಿ' ಎಂದು ಬರೆದಿದ್ದೇನೆ. ಭೂಮಿಗೆ ನಿಧಾನವೆಂದರೆ ಏನು ಎಂದು ಫಿದಾನ್ ಅಜ್ಜಿ ಇದ್ದಿದ್ದರೆ ಕೆನ್ನೆಗೆ ಬಾರಿಸಿ ಕಲಿಸುತ್ತಿದ್ದಳು. ಸಾಲಿನಿಂದ ಹೊರಬಂದೆ.

ಪಿಲ್ಲರ್ ಕಡಿಸಿದ್ದು ಜೆವಾತ್ ಅಲ್ಲ. ಆತ ಆ ವಾರ ರೇಷ್ಮೆ ತರಲು ಬುರ್ಸಾಕ್ಕೆ ಹೋಗಿದ್ದ. ಕೂಲಿಗಳನ್ನು ಕರೆಸಿದವಳು ನಾನು, ನಿಂತು ಕಡಿಸಿದವಳು ನಾನು, ಮೊದಲ ಏಟಿಗೆ ಬಲೂನು ಒಡೆದ ಮಕ್ಕಳ ಹಾಗೆ ಕೈ ತಟ್ಟಿದವಳೂ ನಾನೇ. ಜೆವಾತ್ ಬಂದು ನೋಡಿ ಗೋಡೆಗೆ ಒರಗಿ ಕುಳಿತುಬಿಟ್ಟ. ಅಪ್ಪ ಯಾರು ಮಾಡಿದ್ದು ಎಂದು ಕೇಳಿದಾಗ ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ನಾನು ಮಾತಾಡುವ ಮೊದಲೇ ಜೆವಾತ್ 'ನಾನೇ ಮಾವ' ಎಂದ. ನಾನು ತೆರೆದ ಬಾಯಿ ಮುಚ್ಚಿದೆ. ಸಾಯುವ ಮುನ್ನ ಅಪ್ಪ ಎಲ್ಲರನ್ನೂ ಹತ್ತಿರ ಕರೆದು ಕ್ಷಮಿಸಿದೆ ಎಂದ, ಜೆವಾತ್‌ನ ಸರದಿ ಬಂದಾಗ ಗೋಡೆಯ ಕಡೆಗೆ ಮುಖ ತಿರುಗಿಸಿದ. ನೀನೂ ಅಲ್ಲೇ ಇದ್ದೆ. ಹೊರಗೆ ಬಂದು ಜೆವಾತ್ ನನಗೆ ಹೇಳಿದ್ದು ಇಷ್ಟು: 'ಇರ್ಲಿ ಬಿಡು ನೆಜ್ಲಾ, ನಿಮ್ಮಪ್ಪನ ಕಣ್ಣಿಗೆ ನಾನೇನ್ ಮೊದ್ಲಿಂದ ಬಂಗಾರ ಆಗಿದ್ನಾ?' ಅಂಥವನ ಮೇಲೆ ಸತ್ತ ಮೇಲೂ ಹೊರೆ ಹೊರಿಸಿ ಮೊನ್ನೆ ನಿನಗೆ ಬರೆದೆ. ಆ ಸಾಲುಗಳನ್ನು ಹೊಡೆದು ಹಾಕಿಲ್ಲ, ನಾನು ಎಂಥವಳು ಎಂದು ನಿನಗೂ ತಿಳಿಯಲಿ.

ಇಂದು ಬೆಳಿಗ್ಗೆ ಸಿಲಿವ್ರಿಯಲ್ಲಿ ಬಸ್ಸಿಳಿದು ನೇರ ಪರೀಕ್ಷೆಯವರ ಕಚೇರಿಗೆ ಹೋದೆ. ಅರ್ಜಿ ನನ್ನ ಹೆಸರಿನಲ್ಲಿ ಕೊಟ್ಟಿದ್ದೇನೆ, ಎಂಟನೆಯ ಪಿಲ್ಲರ್ ಕಡಿಸಿದವಳು ನಾನೇ ಎಂದೂ ಬರೆದುಕೊಟ್ಟಿದ್ದೇನೆ. ಶುಕ್ರವಾರ ಕೊರೆಯುವವರು ಬರುತ್ತಾರೆ. ಅಲ್ಲಿಯವರೆಗೂ ಯಾರೂ ಒಳಗೆ ಮಲಗುವುದು ಬೇಡ ಎಂದು ಅಲ್ಲಿನ ಹುಡುಗಿ ನನ್ನ ಫೋನಿನಲ್ಲಿದ್ದ ಬಿರುಕಿನ ಫೋಟೋ ನೋಡಿದ ತಕ್ಷಣ ಹೇಳಿದಳು.

ಈ ಸಾಲುಗಳನ್ನು ಎದಿರ್ನೆಯಿಂದ ಬರೆಯುತ್ತಿಲ್ಲ, ಗುಲ್ತೆನ್. ಪತ್ರವನ್ನು ನಾನೇ ನಿನ್ನ ಬಾಗಿಲ ಕೆಳಗೆ ತೂರಿಸಿ ಬರುತ್ತೇನೆ. ಕರೆಗಂಟೆ ಒತ್ತುವ ಮುಖ ನನಗಿಲ್ಲ. ನೀನು ಇದನ್ನು ಓದುವಾಗ ನಾನು ನಿನ್ನ ಕೆಳಗೇ ಇರುತ್ತೇನೆ, ಅಂಗಡಿಯಲ್ಲಿ, ಮೂರನೆಯ ಕನ್ನಡಿ ಇಳಿಸಿಕೊಂಡು. ನೀವೆಲ್ಲ ಹೊರಗೆ ಹೋಗುವ ತನಕ ಇಲ್ಲಿಂದ ಏಳುವುದಿಲ್ಲ. ರೊಟ್ಟಿ ಹೊಡೆಯುವುದಿದ್ದರೆ ನನ್ನನ್ನು ಹುಡುಕಿಕೊಂಡು ಎದಿರ್ನೆಗೆ ಹೋಗುವುದು ಬೇಡ.

ಬಯ್ಯಲಾದರೂ ಬಾ. ಈಗಲೇ ಬಾ. ಇಳಿಯುವಾಗ ಮೇಷ್ಟ್ರಿಗೂ ಹೇಳು, ಮೊದಲನೇ ಮಹಡಿಯ ಹಮಿಯೆತ್ ಅಜ್ಜಿಯ ಬಾಗಿಲನ್ನೂ ಬಡಿ. ಅಜ್ಜಿಗೆ ಕಿವಿ ಕೇಳಿಸುವುದಿಲ್ಲ, ಜೋರಾಗಿ ಬಡಿ.