ತಟ್ಟೆ ತೊಳೆದ ನೀರು

ಶ್ರೀ ಗುರುಬಸವಲಿಂಗಾಯ ನಮಃ

ಶಿಕಾರಿಪುರ
೧೮ ಫೆಬ್ರವರಿ ೧೯೯೭

ಚಿ. ಸೌ. ವಿಶಾಲಾಕ್ಷಿಗೆ,

ನಿನ್ನ ಅವ್ವ ಮಹಾದೇವಮ್ಮ ಮಾಡುವ ಆಶೀರ್ವಾದ. ನಾನೂ ನಿಮ್ಮಪ್ಪನೂ ನಮ್ಮ ಪಾಡಿಗೆ ಚೆನ್ನಾಗಿದ್ದೇವೆ. ನೀನು ಹೇಗಿದ್ದೀ ಎಂದು ಟಿ.ವಿ. ನೋಡಿ ತಿಳಿಯುವುದಿಲ್ಲ, ಅಳಿಯಂದಿರಂತೂ ಅದರಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಇಬ್ಬರ ಆರೋಗ್ಯಕ್ಕೂ ಕಾಗದ ಬರೆ.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೆ ಯಾರಾದರೂ ಬರುತ್ತಾರೆ, ಯಾರೂ ಬರದಿದ್ದರೆ ನನಗೆ ಅಕ್ಷರ ಬರುವುದಿಲ್ಲ. ತಮ್ಮನನ್ನು ಎತ್ತಿಕೊಳ್ಳುವವರಿಲ್ಲವೆಂದು ಐದನೇ ಕ್ಲಾಸಿಗೇ ಶಾಲೆ ಬಿಡಿಸಿದ ಕೈ ಇದು. ಒತ್ತಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಮೊದಲು ಒಂದು ಮಾತು ಕೇಳುತ್ತೇನೆ. ಕಳೆದ ತಿಂಗಳು ಧಾರಾವಾಹಿಯಲ್ಲಿ ಆ ಎತ್ತರದ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದೆಯಲ್ಲ, ನಿಜವಾಗಿಯೂ ನೀನೇ ಇಳಿದೆಯಾ? ಕಾಲು ಉಳುಕಿದ್ದರೆ ಗತಿ ಏನು? ಕಾರನ್ನೂ ಓಡಿಸಿದೆ. ಸೈಕಲ್ ಮೇಲೆ ಕೂರಲು ಅಳುತ್ತಿದ್ದ ಹುಡುಗಿ ಕಾರು ಯಾವಾಗ ಕಲಿತೆ? ಅಳುವಾಗ ಕಣ್ಣಿಗೆ ಗ್ಲಿಸರಿನ್ ಹಚ್ಚುತ್ತಾರೆ ಎಂದು ಯಾರೋ ಹೇಳಿದರು. ಕಣ್ಣು ಹಾಳಾದೀತು, ರಾತ್ರಿ ಮಲಗುವಾಗ ನೆತ್ತಿಗೆ ಹರಳೆಣ್ಣೆ ಇಟ್ಟುಕೋ. ತೋಳಿಲ್ಲದ ರವಿಕೆಯ ವಿಷಯ ನಾನು ಎತ್ತುವುದಿಲ್ಲ. ಅದನ್ನು ಊರೇ ಎತ್ತಿದೆ.

ಇಲ್ಲಿ ಈಗ ನಿನ್ನನ್ನು ವಿಶಾಲಾಕ್ಷಿ ಎನ್ನುವವರು ಯಾರೂ ಇಲ್ಲ, ಧಾರಾವಾಹಿಯ ಮೋನಾ ಎಂದೇ ಎಲ್ಲರೂ. ನಿಮ್ಮಪ್ಪನ ಗೊಬ್ಬರದ ಅಂಗಡಿಗೆ ಅಂಬ್ಲಿಗೊಳದ ಕಡೆಯಿಂದ ಬಂದ ರೈತರು ಯೂರಿಯ ಕೇಳುವುದಕ್ಕೆ ಮೊದಲು "ಮೋನಾ ಅವರ ಅಂಗಡಿ ಇದೇ ಏನ್ರೀ?" ಎನ್ನುತ್ತಾರೆ. ಧಾರಾವಾಹಿಯಲ್ಲಿ ನಿನ್ನ ಗಂಡ ವಿಕ್ರಮ ಕ್ರಿಕೆಟ್ ಆಟದಲ್ಲಿ ಸೊನ್ನೆಗೆ ಔಟಾದ ಮರುದಿನ ಪಕ್ಕದ ಮನೆಯ ಹುಲಿಯಮ್ಮ ನಲ್ಲಿಯ ಹತ್ತಿರ ನನ್ನನ್ನು ಹಿಡಿದುಕೊಂಡಳು.

"ಏನವ್ವಾ ಮಾದೇವಮ್ಮ, ನಿನ್ನ ಅಳಿಯ ಸೊನ್ನೆ ಹೊಡ್ದು ಬಂದಾನಂತೆ, ಮಗಳು ಮಾತೇ ಬಿಟ್ಟಾಳಲ್ಲೇ!"

"ನನ್ನ ಅಳಿಯ ಬ್ಯಾಂಕಿನಾಗೆ ಕೆಲಸ ಮಾಡ್ತಾನೆ ಕಣೇ," ಎಂದೆ.

"ಹಂಗಾರೆ ಬಿಡು, ಅವ್ನು ರಿಟೇರ್ ಆಗೋತನ್ಕ ಔಟಾಗಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದುದು ನೋಡಿಕೊಳ್ಳಲಿಲ್ಲ.

ಬುಧವಾರ ಸಂಜೆಯಾದರೆ ನಮ್ಮ ಪಡಸಾಲೆ ತುಂಬಿಹೋಗುತ್ತದೆ. ಕರೆಂಟು ಹೋಗದಿರಲಿ ಎಂದು ಎದುರುಮನೆಯ ಸುಂಕಲಮ್ಮ ಊದುಬತ್ತಿ ಹಚ್ಚಿ ಟಿ.ವಿ.ಯ ಮೇಲೆಯೇ ಸಿಕ್ಕಿಸುತ್ತಾಳೆ, ಹೊದಿಸಿದ ಬಟ್ಟೆ ಸುಟ್ಟೀತು ಎಂದು ನನಗೆ ಅದರ ಮೇಲೆಯೇ ಕಣ್ಣು. ಎರಡು ವಾರದ ಹಿಂದೆ ಮೋನಾಳ ತಾಯಿ ಹಳ್ಳಿಯಿಂದ ಬಂದಳು. ದೊಡ್ಡ ಮನೆ, ಊಟದ ಮೇಜು, ವಿಕ್ರಮನ ಗೆಳೆಯರೆಲ್ಲ ಹೆಂಡಿರ ಸಮೇತ ಕೂತಿದ್ದಾರೆ. ಆ ಹೆಂಗಸು ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಎತ್ತಿ ಕುಡಿದಳು. ಮೇಜಿನವರೆಲ್ಲ ಮುಖ ಮುಖ ನೋಡಿಕೊಂಡು ನಕ್ಕರು. ಆಗ ಮೋನಾ, ಅಂದರೆ ನೀನು, ಕೂದಲು ಹಿಂದಕ್ಕೆ ತಳ್ಳಿ, "ಸಾರಿ, ಇವರು ನಮ್ಮನೆ ಅಡಿಗೆಯವರು" ಎಂದೆ.

ನಮ್ಮ ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಪ್ರಸಾದದ ಒಂದಗುಳೂ ಮೋರಿಗೆ ಹೋಗಬಾರದೆಂದು ತಟ್ಟೆ ತೊಳೆದು ಕುಡಿಯುವವರೇ ಅಲ್ಲಿ ಮುಕ್ಕಾಲು ಜನ ಕೂತಿದ್ದರು. ನಿನಗೂ ನಿನ್ನ ಅಜ್ಜಿ ಕಲಿಸಿದ್ದು ಅದೇ. ಆಮೇಲೆ ಹುಲಿಯಮ್ಮ, "ಥೂ, ಏನ್ ಹೆಣ್ಣವ್ವ ಅದು, ಹೆತ್ತೋಳ್ನ ಅಡಿಗೇರು ಅಂತಾಳೆ," ಎಂದು ಬೈದಳು. ತಕ್ಷಣ ನನ್ನ ನೆನಪಾಗಿ, "ನಿನ್ನ ಮಗಳಿಗಲ್ಲ ಕಣೇ, ಆ ಮೋನಿಗೆ ಅಂದೆ," ಎಂದಳು.

ನಿಮ್ಮಪ್ಪ ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿ ಮಾಡ್ಯಾಳೆ ನೋಡೇ ನಮ್ ಹುಡುಗಿ. ಆ ಹೆಂಗಸು ಕುಡ್ದಿದ್ದೂ ಥೇಟ್ ನಿನ್ನ ಥರಾನೇ," ಎಂದರು. ನಾನು ಚಹಾ ಇಡುತ್ತೇನೆಂದು ಎದ್ದು ಒಳಗೆ ಹೋದೆ.

ಮುಂದಿನ ವಾರ ಆ ತಾಯಿ ಬಸ್ಸು ಹತ್ತುವಾಗ ನೀನು ಓಡಿ ಬಂದು ಎಲ್ಲರೆದುರು ಅವಳ ಕಾಲಿಗೆ ಬಿದ್ದೆ. ಅವಳು ನಿನ್ನನ್ನು ಎತ್ತಿ ಸೆರಗಿನಿಂದ ಮುಖ ಒರೆಸಿದಳು. ಇಲ್ಲಿ ಅಳದವರೇ ಇಲ್ಲ. ಹುಲಿಯಮ್ಮ ನನ್ನನ್ನು ತಬ್ಬಿಕೊಂಡು, "ಪುಣ್ಯ ಮಾಡೀಯ ಕಣೇ, ಇಂಥಾ ಮಗಳ್ನ ಹಡ್ಯಾಕೆ," ಎಂದಳು. ಗ್ಲಿಸರಿನ್ ಇರಬೇಕು ಎಂದೆ. ಅವಳಿಗೆ ತಿಳಿಯಲಿಲ್ಲ.

ಈಗ ಮುಖ್ಯ ವಿಷಯ. ಯುವಕರ ಸಂಘದ ಮಹೇಶ್ವರಪ್ಪ ಬಂದಿದ್ದ. ಮುಂದಿನ ತಿಂಗಳ ಕಬಡ್ಡಿ ಪಂದ್ಯಕ್ಕೆ ನೀನು ಬಹುಮಾನ ಕೊಡಲು ಬರುತ್ತೀಯಂತೆ, ಒಪ್ಪಿದ್ದೀಯಂತೆ. ಸಂತೋಷ. ಕಬಡ್ಡಿಯವರಿಗೆ ಕ್ರಿಕೆಟಿನವನ ಹೆಂಡತಿ ಯಾಕೆ ಬೇಕೋ ನನಗೆ ಗೊತ್ತಿಲ್ಲ. ಅವನು ಕೂತಲ್ಲಿ ಕೂರದೆ ಹೇಳಿದ.

"ಅಮ್ಮಾ, ಸ್ಟೇಜಿನ ಮೇಲೆ ನಿಮಗೂ ಒಂದು ಕುರ್ಚಿ. ಹೆತ್ತ ತಾಯಿಗೆ ಸನ್ಮಾನ. ಅವಾಗ ಮೇಡಂ ಬಂದು ಥೇಟ್ ಸೀರಿಯಲ್‌ನಾಗೆ ಬಿದ್ದಂಗೇ ನಿಮ್ ಕಾಲಿಗೆ ಬೀಳ್ತಾರೆ. ಜನ ಹುಚ್ಚೆದ್ದು ಹೋಗ್ತಾರ್ರೀ! ಫೋನಿನಾಗೆ ಕೇಳೀನಿ, ಮೇಡಂ ಹೂಂ ಅಂದಾರೆ."

ನಿಮ್ಮಪ್ಪ ಅಂದೇ ನನ್ನ ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆಸಿದರು. ನಾನು ಬೇರೇನೂ ತೋಚದೆ ಮರುದಿನವೇ ಸೊರಬಕ್ಕೆ ನಿನ್ನ ನಿರ್ಮಲ ಚಿಕ್ಕಮ್ಮನ ಮನೆಗೆ ಹೋದೆ. ಬಸ್ಸಿನ ತುಂಬ ಗುಡವಿಗೆ ಹಕ್ಕಿ ನೋಡಲು ಹೊರಟ ಶಾಲೆ ಮಕ್ಕಳು. ಟೀಚರಮ್ಮ ಯಾರ ಹತ್ತಿರ ಏನು ಕೇಳಿದಳೋ, ಇಳಿಯುವಾಗ ನನ್ನ ಕೈ ಹಿಡಿದು, "ಮೋನಾ ತಾಯಿ ನೀವೇ ಅಂತಲ್ರೀ?" ಎಂದಳು. ನಾನು ಅಲ್ಲ ಎಂದೆ. ಯಾಕೆ ಹಾಗೆ ಅಂದೆನೋ. ಬಾಯಿಗೆ ಅದೇ ಬಂತು.

ನಿರ್ಮಲ ನನಗೇ ಬೈದಳು. "ಏನಾಗೈತಕ್ಕ ನಿಂಗೆ? ಮಗಳು ನಾಕು ಜನದ ಮುಂದೆ ಕಾಲಿಗೆ ಬೀಳ್ತೀನಂತಾಳೆ, ನೀನು ಓಡಿ ಬಂದೀಯ!" ನಾನು ಅವಳಿಗೂ ನಿಜವಾದ ಕಾರಣ ಹೇಳಲಿಲ್ಲ. ಸ್ಟೇಜು ಎತ್ತರ, ಲೈಟು ಬಿದ್ದರೆ ತಲೆ ತಿರುಗುತ್ತದೆ ಎಂದೆ. ಅದೂ ಸುಳ್ಳಲ್ಲ, ಈಗಲೇ ನೆನೆದರೆ ತಿರುಗುತ್ತದೆ.

ಆದ್ದರಿಂದ ವಿಶಾಲೂ, ಆ ದಿನ ನಾನು ಸೊರಬದಲ್ಲಿರುತ್ತೇನೆ. ಕುರ್ಚಿ ಖಾಲಿ ಇದ್ದರೆ ಜನ ಆಡಿಕೊಂಡಾರು ಎನಿಸಿದರೆ, ಟಿ.ವಿ.ಯಲ್ಲಿ ನಿನ್ನ ತಾಯಿಯಾದ ಹೆಂಗಸನ್ನೇ ಕರೆದುಕೊಂಡು ಬಾ. ಅವಳು ಚೆನ್ನಾಗಿ ಮಾಡುತ್ತಾಳೆ, ಎತ್ತುವುದೂ ಅವಳಿಗೆ ಅಭ್ಯಾಸವಾಗಿದೆ. ನನಗೆ ನಿನ್ನನ್ನು ಎತ್ತಲು ಬಂದೀತೋ ಇಲ್ಲವೋ, ಕೈ ಬರದೆ ಹೋದರೆ ಅಷ್ಟು ಜನರ ಮುಂದೆ ನಿನಗೆ ಅವಮಾನ. ಅದೊಂದು ಯೋಚನೆ ನನಗೆ.

ಅಂದು ಮನೆಯಲ್ಲಿ ರೊಟ್ಟಿ ಮಾಡಿಟ್ಟು ಹೋಗುತ್ತೇನೆ. ನಿಮ್ಮಪ್ಪನ ಜೊತೆ ಕೂತು ಉಣ್ಣು, ಅವರು ಬಹಳ ಆಸೆ ಇಟ್ಟುಕೊಂಡಿದ್ದಾರೆ. ಅಳಿಯಂದಿರ ಕೆಮ್ಮು ವಾಸಿಯಾಯಿತೇ? ಆ ಊರಿನ ನೀರು ಕಾಯಿಸದೆ ಕುಡಿಯಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಒಬ್ಬರಿಗೊಬ್ಬರು ಚೆನ್ನಾಗಿರಿ. ಬಸವಣ್ಣ ನಿಮ್ಮಿಬ್ಬರ ಬೆನ್ನಿಗಿರಲಿ, ನಿನ್ನ ಕಣ್ಣಿಗೆ ಏನೂ ಆಗದಿರಲಿ.

ನಿನ್ನ ಅವ್ವ,
ಮಹಾದೇವಮ್ಮ

ತಾ.ಕ.: ಕಾಗದದ ಕೊನೆಗೆ ನಿಮ್ಮಪ್ಪನ ಎರಡು ಸಾಲಿಗೆ ಜಾಗ ಬಿಡುವುದು ರೂಢಿ. ಈ ಸಲ ಅವರಿಗೆ ತೋರಿಸಿಲ್ಲ, ಆ ಜಾಗದಲ್ಲಿ ನಾನೇ ಬರೆಯುತ್ತಿದ್ದೇನೆ. ಕಳೆದ ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ಧಾರಾವಾಹಿಯವರು ಊಟಕ್ಕೆ ಬಂದಿದ್ದರಲ್ಲ, ಅವರೆದುರು ನಾನು ತಟ್ಟೆ ತೊಳೆದು ಕುಡಿದಾಗ ನೀನು ನನ್ನನ್ನು ಏನೆಂದು ಹೇಳಿದೆಯೋ ಅದನ್ನು ನಾನು ಯಾರಿಗೂ ಹೇಳಿಲ್ಲ. ಅಳಿಯಂದಿರಿಗೆ ಕೇಳಿಸಿತು. ಇಲ್ಲಿಗೆ ಬಂದರೆ ಅವರೂ ತೊಳೆದು ಕುಡಿಯುವವರೇ, ಅಂದು ತಟ್ಟೆ ಹಾಗೇ ಬಿಟ್ಟು ಎದ್ದರು. ಅಡಿಗೆ ಮಾಡಿದ್ದು ನಾನೇ ತಾನೇ, ಮಗಳು ಸುಳ್ಳು ಹೇಳಲಿಲ್ಲ ಎಂದು ಊರಿಗೆ ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಈಗ ಅದು ಕಥೆಯಾಗಿ ಊರೂರಲ್ಲಿ ಬಂದಿದೆ. ಬರೆಯುವವರಿಗೆ ನೀನೇ ಹೇಳಿರಬೇಕು. ಹೇಳು, ನಟನೆಗೆ ಬೇಕಾಗಿದ್ದೀತು. ಆದರೆ ಕಾಲಿಗೆ ಬಿದ್ದ ಭಾಗವನ್ನೂ ನೀನೇ ಹೇಳಿದೆಯಾ, ಅವರೇ ಸೇರಿಸಿಕೊಂಡರಾ? ಅಂದು ಅವರೆಲ್ಲ ಹೋದ ಮೇಲೆ ಪಾತ್ರೆಗಳನ್ನೂ ನಾನೇ ಬೆಳಗಿದೆ. ನೀನು ಅಡಿಗೆಮನೆಯ ಕಡೆ ಬಂದದ್ದು ನನಗೆ ನೆನಪಿಲ್ಲ.

ಅಂದಿನಿಂದ ತಟ್ಟೆ ತೊಳೆದ ನೀರು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನಿಮ್ಮಪ್ಪ ನೋಡದ ಹಾಗೆ ಹಿತ್ತಲ ಕರಿಬೇವಿನ ಬುಡಕ್ಕೆ ಹಾಕಿ ಬರುತ್ತೇನೆ. ಗಿಡ ಚೆನ್ನಾಗಿ ಚಿಗುರಿದೆ. ಬಂದಾಗ ಸೊಪ್ಪು ಕಿತ್ತುಕೊಂಡು ಹೋಗು.