ಲಾಬಾನನ ಹೆಂಡತಿ

ಸಿರುಗುಪ್ಪ. ನವೆಂಬರ್ 1, 1891. ಆದಿತ್ಯವಾರ, ಮಧ್ಯಾಹ್ನ

ಆರಾಧನೆ ಮುಗಿಸಿ ಬಂದು ರೊಟ್ಟಿ ಬಡಿದಾಯಿತು. ಮೊಮ್ಮಗಳು ರೂತ ಮಲಗಿದ್ದಾಳೆ. ನಮ್ಮವರು ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದಾರೆ. ಯಾರೊಡನೆಯೂ ಮಾತಿಲ್ಲ.

ಕಾರಣ ಇಂದಿನ ಪಾಠ. ಉಪದೇಶಿಯವರು ಹೋದ ತಿಂಗಳಿಂದ ಯಾಕೋಬನ ಪ್ರಯಾಣ ಓದಿಸುತ್ತಿದ್ದಾರೆ. ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿದ್ದು ಆಯಿತು, ಕಲ್ಲಿನ ಮೇಲೆ ತಲೆಯಿಟ್ಟು ಏಣಿ ಕಂಡದ್ದೂ ಆಯಿತು. ಇವತ್ತು ಮಾವ ಲಾಬಾನನ ಮನೆ ಸೇರಿದ. ಮಗಳಿಗೋಸ್ಕರ ಏಳು ವರ್ಷ ದುಡಿದ, ಮಾವ ಮಾತು ತಪ್ಪಿದ, ಮತ್ತೆ ಏಳು ವರ್ಷ ದುಡಿದ — ಅಂದಾಗ ಇಡೀ ಸಭೆ ತಿರುಗಿ ನಮ್ಮ ಸಾಲನ್ನೇ ನೋಡಿತು. ನಮ್ಮ ಮನೆಯಳಿಯ ಮರಿಬಸಪ್ಪ ತಲೆ ಬಗ್ಗಿಸಿದ. ಮಗಳು ಈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ, ಅತ್ತಳೋ.

ಹೊರಗೆ ನೆರೆಮನೆಯ ಹುಲುಗಮ್ಮ ಕಾಯುತ್ತಿದ್ದಳು. "ಏನ್ ಸಾರಮ್ಮಾ, ನಿಮ್ಮ ಮನಿ ಕತಿ ವೇದದಾಗ ಯಾವಾಗ ಬರೆಸಿದ್ರಿ?"

"ನಿಂದೂ ಬರತೈತಿ ತಡಿಯವ್ವಾ. ಬಿಳಾಮನ ಮಾತಾಡೋ ಕತ್ತೆ ಇನ್ನಾ ಮುಂದೈತಿ" ಅಂದೆ. ಆದಿತ್ಯವಾರ ಅಂಥ ಮಾತು ಆಡಬಾರದಿತ್ತು.

ನಮ್ಮವರು ಸಭೆಯ ಹಿರಿಯರು. ಲಾಬಾನ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನದೆ ಇದ್ದದ್ದೇ ಕಿವಿಗೆ ಹೊಡೆಯುತ್ತಿತ್ತು.

ನವೆಂಬರ್ 4. ಬುಧವಾರ

ಕುರುಗೋಡಿನಿಂದ ಸುದ್ದಿ. ಮರಿಬಸಪ್ಪನ ಅಣ್ಣ ಚಿದಾನಂದಪ್ಪ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಹೊಲ ಬೀಳು ಬಿದ್ದಿದೆ. ತಮ್ಮ ಬಂದರೆ ಅವನ ಪಾಲು ಬಿಡುತ್ತಾನಂತೆ. ದೀಕ್ಷಾಸ್ನಾನ ಆದ ದಿನ ಇದೇ ತಮ್ಮನ ಊಟದ ತಾಟು ಬೀದಿಗೆ ಎಸೆದಿದ್ದವನು.

ಮರಿಬಸಪ್ಪ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟ.

"ಮಾವಾರ, ನಾವು ಹೋಗತೀವ್ರಿ. ಹೇಳಿದ್ದ ಹೋರಿ ಜೋಡಿ ಕೊಟ್ಟು ಕಳಸ್ರಿ."

"ಸುಗ್ಗಿ ಆಗಲಿ."

"ಈರಿ ಬಾಣಂತನ ಆಗಲಿ ಅಂದ್ರಿ. ಕೂಸು ನಡೀಲಿ ಅಂದ್ರಿ. ಈಗ ಕೂಸು ಓಡಾಕ ಹತ್ತೇತ್ರಿ, ನಾನ ಇನ್ನಾ ನಿಂತಲ್ಲೇ ಅದೀನಿ."

"ಮನಿಯಳಿಯ ಆಗಿ ಬಂದವ ಮನಿಯವ ಆಗಿರಬೇಕು. ಗಂಟು ಕಟ್ಟೋ ಮಾತು ಎಲ್ಲೈತಿ?"

ಗಂಡುಮಗ ಇಲ್ಲದವರು ಅಳಿಯನನ್ನು ಮನೆಗೆ ತಂದು, ಅವನ ಕೈಯಲ್ಲಿ ದುಡಿಸಿ, ಕೊನೆಗೆ ಹೊಲಮನೆ ಅವನಿಗೇ ಬಿಡುವುದು ಈ ಸೀಮೆಯ ರೂಢಿ. ನಿಜ. ಆದರೆ ಮದುವೆಯ ದಿನ ನಮ್ಮವರೇ ಉಪದೇಶಿಯವರ ಎದುರು ಹೇಳಿದ್ದರು — ಬೇಕೆಂದಾಗ ಹೋಗಲಿ, ಹೋರಿ ಜೋಡಿ ನನ್ನ ಕಡೆಯಿಂದ — ಎಂದು. ನಾನು ಕೇಳಿದ್ದೇನೆ. ಇವತ್ತು ಬಾಯಿ ಬಿಡಲಿಲ್ಲ. ಸಾರು ಬಡಿಸಿದೆ.

ನವೆಂಬರ್ 9

ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಈರಮ್ಮ ಹಿಡಿದುಕೊಂಡಳು.

"ಯವ್ವಾ, ನೀನರ ಅಪ್ಪಗ ಹೇಳು."

"ಹೇಳೀನಿ. ಬಿಡಂಗಿಲ್ಲ ಅಂತಾರ. ಯಾಕಂದ್ರ ಹೇಳಂಗಿಲ್ಲ."

"ಯಾಕಂತ ನನಗ ಗೊತ್ತೈತಿ." ಅಷ್ಟೇ. ಮುಂದೆ ಕೇಳಿದರೆ ಕಲ್ಲು ಒಡೆಯುವ ಹಾಗೆ ಸೀರೆ ಬಡಿದಳು.

ಹೋದರೆ ಅಲ್ಲಿ ಅಣ್ಣ ಮರಿಬಸಪ್ಪನ ಕೊರಳಿಗೆ ಮತ್ತೆ ಲಿಂಗ ಕಟ್ಟಿಸಿಬಿಟ್ಟರೆ? ರೂತಳಿಗೆ ಪ್ರಾರ್ಥನೆ ಯಾರು ಕಲಿಸುತ್ತಾರೆ? ಇದ್ದರೆ ಇಲ್ಲಿ ಈ ಮೌನ. ಒಲೆಯ ಹೊಗೆಯಂತೆ, ಯಾವ ಕಡೆ ತಿರುಗಿದರೂ ಕಣ್ಣಿಗೇ ಬರುತ್ತದೆ.

ಯಾಕೋಬನ ಅಧ್ಯಾಯ ಮತ್ತೆ ಓದಿದೆ. ಬೆರಳಿಟ್ಟು ನಿಧಾನವಾಗಿ, ಹಚ್ಚೊಳ್ಳಿ ಸಾಲೆಯಲ್ಲಿ ಕಲಿಸಿದ ಹಾಗೆ. ಲಾಬಾನನ ಕುರಿಗಳ ಬಣ್ಣ ಬರೆದಿದೆ. ದಾಸಿಯರ ಹೆಸರು ಸಹ ಇದೆ. ಲಾಬಾನನ ಹೆಂಡತಿ ಮಾತ್ರ ಎಲ್ಲೂ ಇಲ್ಲ. ಆ ಹೆಣ್ಣುಮಕ್ಕಳನ್ನು ಹಡೆದವಳು ಒಬ್ಬಳು ಇದ್ದಿರಬೇಕಲ್ಲ? ಮಾವ ಅಳಿಯ ಜಗಳವಾಡುವಾಗ ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಕೆಯೂ ಸಾರು ಬಡಿಸುತ್ತಿದ್ದಳೋ ಏನೋ.

ನವೆಂಬರ್ 15. ಆದಿತ್ಯವಾರ

ಇವತ್ತಿನ ಪಾಠ ಅಳಿಯ ಓಡಿಹೋದದ್ದು. ಲಾಬಾನ ಕುರಿಗಳ ಉಣ್ಣೆ ಕತ್ತರಿಸಲು ಹೋದಾಗ ಯಾಕೋಬ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟ. ಮಗಳು ರಾಹೇಲಳು ಅಪ್ಪನ ಮನೆದೇವರುಗಳನ್ನು ಕದ್ದಳು. ಅಪ್ಪ ಬೆನ್ನುಹತ್ತಿ ಬಂದು ಹುಡುಕಿದರೆ, ಅವನ್ನು ಒಂಟೆಯ ತಡಿಯೊಳಗೆ ಇಟ್ಟು ಮೇಲೆ ಕೂತುಬಿಟ್ಟಳು. ಅಪ್ಪಾ, ನಾನು ಏಳಲಾರೆ, ಹೆಂಗಸರ ದಿನಗಳು — ಅಂದಳು. ಹೆಂಗಸರೆಲ್ಲ ಸೆರಗೊಳಗೆ ನಕ್ಕರು. ಗಂಡಸರು ತೊಲೆ ನೋಡಿದರು.

ಉಪದೇಶಿಯವರು ನಗಲಿಲ್ಲ. "ಯೆಹೋವನ ಹೆಸರು ಹೇಳುವ ಮನೆಯಲ್ಲಿ ಕದಿಯುವಂಥ ದೇವರು ಇದ್ದದ್ದಾದರೂ ಯಾಕೆ?" ಎಂದು ಕೇಳಿದರು.

ನಮ್ಮವರಿಗೆ ಕೆಮ್ಮು ಬಂತು. ಎದ್ದು ಹೊರಗೆ ಹೋದರು.

ನಾಳೆ ಬಳ್ಳಾರಿಗೆ ಹೊರಡುತ್ತಾರೆ. ಮಿಷನ್ ಕಮಿಟಿ ಇದೆ.

ನವೆಂಬರ್ 18. ಬೆಳಿಗ್ಗೆ

ಹೋದರು.

ಮಗಳು, ಅಳಿಯ, ಕೂಸು ಮೂವರೂ, ಹೋರಿ ಇಲ್ಲದೆ, ಬಾಡಿಗೆ ಬಂಡಿಯಲ್ಲಿ. ಹೇಳದೆ ಹೋಗಬಹುದಿತ್ತು, ಹೇಳಿದರು. ನಾನು ತಡೆಯಲಿಲ್ಲ. ರೊಟ್ಟಿ ಕಟ್ಟಿದೆ, ಶೇಂಗಾ ಚಟ್ನಿ ಕಟ್ಟಿದೆ, ಹೊದೆಯಲು ನನ್ನ ಕೌದಿ ಮಡಿಸಿ ಕೊಟ್ಟೆ. ಅಂಗಳದಲ್ಲೇ ನಿಂತು ಪ್ರಾರ್ಥನೆ.

"ಅತ್ತಿ, ಮಾವಾರು ಬಂದು ನಿಮಗ ಬೈತಾರ" ಅಂದ ಮರಿಬಸಪ್ಪ.

"ಬೈಗಳ ಹೊಟ್ಟಿತುಂಬ ಉಂಡೀನಪ್ಪಾ. ನೀ ಬಂಡಿ ಹೊಡಿ."

ಬಂಡಿ ಹತ್ತಿದ ಈರಮ್ಮ ಮತ್ತೆ ಇಳಿದಳು. ಬೀಜಕ್ಕೆ ಒಂದು ಮುಷ್ಟಿ ನಮ್ಮ ಜೋಳ ಬೇಕು ಎಂದು ಒಳಗೆ ಹೋಗಿ ಗುಡಾಣದೊಳಗೆ ಭುಜದವರೆಗೂ ಕೈ ಹಾಕಿದಳು. ಬಹಳ ಹೊತ್ತಾಯಿತು. ಅಳುತ್ತಿದ್ದಾಳೆ, ಅಳಲಿ ಎಂದು ನಾನು ಮುಖ ತಿರುಗಿಸಿದೆ.

ರೂತಳ ಮರದ ಗೊಂಬೆ ಇಲ್ಲೇ ಉಳಿದಿದೆ…

ನವೆಂಬರ್ 21. ಶನಿವಾರ

ನಮ್ಮವರು ಬಳ್ಳಾರಿಯಿಂದ ಬಂದರು. ಇದ್ದದ್ದು ಇದ್ದಂತೆ ಹೇಳಿದೆ. ಬೈಯಲಿಲ್ಲ, ಹೊಡೆಯಲಿಲ್ಲ. ಚಪ್ಪಲಿ ಸಹ ಬಿಡದೆ ಒಳಗೆ ಹೋಗಿ ಗುಡಾಣದಲ್ಲಿ ಕೈ ಹಾಕಿದರು. ಕದಡಿದರು. ಆಮೇಲೆ ಗುಡಾಣವನ್ನೇ ಉರುಳಿಸಿದರು. ಜೋಳ ಹೊಸ್ತಿಲವರೆಗೂ ಹರಿಯಿತು.

"ಏನು ಹುಡಕತೀರಿ?"

"ಮುಖ."

"ಯಾರ ಮುಖ?"

ಅಂಗೈ ತೋರಿಸಿದರು, ಅಷ್ಟಗಲ ಎಂಬಂತೆ. ಆಗ ತಿಳಿಯಿತು. ದೀಕ್ಷಾಸ್ನಾನದ ಹಿಂದಿನ ದಿನ ಮನೆದೇವರ ಬುಟ್ಟಿಯನ್ನು — ಕಲ್ಲು, ನವಿಲುಗರಿ, ಭಂಡಾರದ ಚೀಲ ಎಲ್ಲ — ನಾನೇ ಪಾದ್ರಿಗಳ ಕಾಲಬಳಿ ಇಟ್ಟಿದ್ದೆ. ಮನೆದೇವತೆ ಹುಲಿಗೆಮ್ಮನ ಬೆಳ್ಳಿ ಮುಖ ಕರಗಿಸಿಬಿಟ್ಟೆ ಎಂದಿದ್ದರು ಇವರು. ಕರಗಿಸಿರಲಿಲ್ಲ. ಇಷ್ಟು ವರ್ಷ ನಾವು ಉಣ್ಣುವ ಕಾಳಿನ ತಳದಲ್ಲಿ ಅದು ಇತ್ತು.

ಜೋಳದ ನಡುವೆ ಕೂತುಬಿಟ್ಟರು. ಹಿರಿಯರಂತೆ ಅಲ್ಲ, ಏಟು ತಿಂದವರಂತೆ.

"ಮೂರು ಕೂಸು ಮಣ್ಣಿಗೆ ಕೊಟ್ಟಿದ್ವಿ ಲೇ. ಈರಿ ಹುಟ್ಟಿದಾಗ ಬೇಡಿಕೊಂಡೆ. ಇದೊಂದು ಉಳಸು ತಾಯಿ, ಈಕಿನ್ನ ಈ ಹೊಸ್ತಿಲ ದಾಟಿಸಂಗಿಲ್ಲ ಅಂತ. ಉಳೀತು. ಆಮ್ಯಾಲೆ ನಾವು ಯೇಸುನ ಕಡಿಗೆ ಬಂದ್ವಿ. ನಾವು ಬಂದ್ವಿ, ಆಕಿ ಬಂದಾಳೇನು? ಆಕಿಗೆ ಕೊಟ್ಟ ಮಾತು ಹೋತೇನು?"

"ಇಷ್ಟು ದಿನ ನನಗ ಹೇಳಬಾರದಿತ್ತೇನ್ರಿ?"

"ನೀ ನಗತಿದ್ದಿ."

ನಗುತ್ತಿರಲಿಲ್ಲ. ಬೈಯುತ್ತಿದ್ದೆ. ಈಗಲೂ ಬೈದೆ — ನೀರೊಳಗೆ ಮುಳುಗಿ ಎದ್ದವರು ಒಂದು ಕಾಲು ದಡದ ಮೇಲೆ ಇಟ್ಟಿದ್ದಿರೇನು, ಎಂದು. ಕಳ್ಳತನ ಆಯಿತು ಎಂದು ಕೂಗುವಂತೆಯೂ ಇಲ್ಲ ಪಾಪ. ಏನು ಹೋಯಿತು ಹಿರಿಯರೇ ಎಂದು ಯಾರಾದರೂ ಕೇಳಿದರೆ?

ಮಗಳಿಗೆ ಇದೇ ಗೊತ್ತಿದ್ದದ್ದು. ಅಪ್ಪ ಗುಡಾಣದೊಳಗೆ ಬಗ್ಗಿ ಮಾತಾಡುವುದನ್ನು ಎಂದೋ ಕಂಡಿರಬೇಕು.

ಸೋಮವಾರ ಕುರುಗೋಡಿಗೆ ಹೊರಡೋಣ ಎಂದಿದ್ದಾರೆ. ಜೋಳ ಇನ್ನೂ ಬಳಿದು ತುಂಬುತ್ತಿದ್ದೇನೆ.

ಕುರುಗೋಡು. ನವೆಂಬರ್ 24. ಮಂಗಳವಾರ

ಚಿದಾನಂದಪ್ಪ ಕೋಲೂರಿಕೊಂಡು ಊರಹೊರಗೆ ತಮ್ಮನನ್ನು ಎದುರುಗೊಂಡನಂತೆ. ಇಬ್ಬರೂ ತಬ್ಬಿಕೊಂಡು ಅತ್ತರಂತೆ. ಏಸಾವನೂ ಹೀಗೇ ಓಡಿಬಂದು ಯಾಕೋಬನ ಕೊರಳನ್ನು ಅಪ್ಪಿದ. ಆದರೆ ವೇದದಲ್ಲಿ ಅಡುಗೆಮನೆಯ ಮಾತಿಲ್ಲ. ಮತ ಬಿಟ್ಟವರೆಂದು ಇಲ್ಲಿ ಇವರಿಗೆ ದನದ ಕೊಟ್ಟಿಗೆ ಪಕ್ಕದ ಕೋಣೆ, ಬೇರೆ ಒಲೆ.

ನಮ್ಮನ್ನು ಕಂಡು ಚಿದಾನಂದಪ್ಪ ಎದ್ದ. "ಬರ್ರಿ ಬೀಗರ. ಅಳಿಯನ್ನ ಎಳಕೊಂಡು ಹೋಗಾಕ ಬಂದ್ರೋ, ಹೋರಿ ಕೊಡಾಕ ಬಂದ್ರೋ?"

"ಕೂಸಿನ್ನ ನೋಡಾಕ" ಅಂದರು ನಮ್ಮವರು. ಕೂಸು ಕಾಲಿಗೆ ತೊಡರಿಕೊಂಡರೂ ನೋಡಲಿಲ್ಲ. ಕಣ್ಣೆಲ್ಲ ಗಂಟುಗಳ ಮೇಲೆ.

"ಮನಿ ಸಾಮಾನು ಒಂದು ಬಂದೈತಿ."

ಮರಿಬಸಪ್ಪ ಕೆರಳಿದ. "ಇಷ್ಟು ವರ್ಷ ದುಡಿದವಗ ಕಳ್ಳ ಅಂತೀರೇನ್ರಿ? ಹುಡುಕ್ರಿ! ಏನಂತ ಹೇಳಿ ಹುಡುಕ್ರಿ!"

ನಮ್ಮವರು ಒಂದೊಂದೇ ಗಂಟು ಮುಟ್ಟಿ ನೋಡಿದರು. ಬುಟ್ಟಿ ನೋಡಿದರು. ಈರಮ್ಮ ಮೂಲೆಯಲ್ಲಿ ಮಡಿಸಿದ ಕೌದಿಯ ಮೇಲೆ ಕೂತಿದ್ದವಳು ಅಲುಗಲಿಲ್ಲ.

"ಏಳವ್ವಾ."

"ಏಳಂಗಿಲ್ಲಪ್ಪಾ. ಮುಟ್ಟಾಗೇನಿ."

ಕೊಟ್ಟಿಗೆಯ ಎತ್ತು ಬಾಲ ಬೀಸುವುದು ಕೇಳಿತು. ಆ ಪಾಠವನ್ನು ನಾವು ನಾಲ್ಕೂ ಜನ ಒಂದೇ ಸಾಲಿನಲ್ಲಿ ಕೂತು ಕೇಳಿದ್ದೆವು. ಮರಿಬಸಪ್ಪನಿಗೆ ಆಗ ಹೊಳೆಯಿತು — ಬಾಯಿ ತೆರೆದವನು ಹಾಗೇ ನಿಂತ. ಚಿದಾನಂದಪ್ಪ ಒಬ್ಬನಿಗೆ ಏನೂ ಗೊತ್ತಿಲ್ಲ. "ಹೆಣ್ಣುಮಕ್ಕಳ ಮಾತು ಬಿಡ್ರಿ ಬೀಗರ, ಹೊರಗ ಬರ್ರಿ" ಎಂದು ನಾಚಿ ಕೋಲೂರುತ್ತ ಹೋದ.

ನಮ್ಮವರ ಕೈ ಚಾಚಿದಲ್ಲೇ ನಿಂತಿತ್ತು. ಎಳೆದು ಎಬ್ಬಿಸುತ್ತಾರೆ ಎಂದು ನಾನು ನಡುವೆ ಬಂದೆ. ಆ ಕೈ ಮಗಳ ತಲೆಯ ಮೇಲೆ ಇಳಿಯಿತು.

"ಕುಂದ್ರು" ಅಂದರು. "ಕುಂದ್ರವ್ವಾ. ಹುಷಾರು."

ಹೊರಡುವಾಗ ಈರಮ್ಮ ಅದನ್ನು ಚಿಂದಿಯಲ್ಲಿ ಸುತ್ತಿ ನನ್ನ ಉಡಿಗೆ ತುರುಕಿದಳು. "ಇದು ನನ್ನ ಕಟ್ಟಿದ ಹಗ್ಗ ಯವ್ವಾ. ಅಪ್ಪನ ಕೈಗೆ ಕೊಡಬ್ಯಾಡ. ಎಲ್ಲ್ಯಾರ ಒಗದು ಬಿಡು."

"ನೀನ ಯಾಕ ಒಗೀಲಿಲ್ಲ?"

"ಅಂಜಿಕಿ ಬಂತು."

"ಕರ್ತನ ಮಗಳಾಗಿ ಅಂಜತಿಯೇನ ಲೇ?" ಎಂದು ಗದರಿದೆ.

ಸಿರುಗುಪ್ಪ. ನವೆಂಬರ್ 29. ಆದಿತ್ಯವಾರ

ಯಾಕೋಬ ಬೇತೇಲಿಗೆ ಹೋಗುವ ಮೊದಲು ಮನೆಯವರ ಹತ್ತಿರ ಇದ್ದ ಅನ್ಯದೇವರುಗಳನ್ನೆಲ್ಲ ಇಸಿದುಕೊಂಡು ಮರದ ಕೆಳಗೆ ಹೂಳಿದ. ಇವತ್ತಿನ ಪಾಠ. ನನಗೆಂದೇ ಓದಿಸಿದ ಹಾಗಿತ್ತು. ನಮ್ಮ ಹಿತ್ತಲಲ್ಲಿ ಹುಣಸೆಮರ ಇದೆ. ನಾಳೆ ಮುಗಿಸಿಬಿಡುತ್ತೇನೆ. ಅದಕ್ಕೆಷ್ಟು ಹೊತ್ತು.

ಡಿಸೆಂಬರ್ 3

ಸೋಮವಾರ ಹುಲುಗಮ್ಮ ಬೇಲಿ ಹತ್ತಿರವೇ ಇದ್ದಳು. ನಿನ್ನೆ ಭತ್ತ ತೂರುವ ಆಳುಗಳು. ಇವತ್ತು — ಇವತ್ತು ಯಾರೂ ಇರಲಿಲ್ಲ. ನಾಳೆ.

ಡಿಸೆಂಬರ್ 8. ಮಂಗಳವಾರ, ಬೆಳಿಗ್ಗೆ

ಕುರುಗೋಡಿನಿಂದ ಆಳು ಬಂದಿದ್ದಾನೆ. ಈರಮ್ಮನಿಗೆ ಜ್ವರ. ಅನ್ನ ಸೇರುತ್ತಿಲ್ಲ, ನೀರು ನಿಲ್ಲುತ್ತಿಲ್ಲ. ಯವ್ವಾ ಎಂದು ಕನವರಿಸುತ್ತಾಳಂತೆ. ಚಿದಾನಂದಪ್ಪನೇ ಅವಳನ್ನು ಕೊಟ್ಟಿಗೆಯಿಂದ ಎತ್ತಿಸಿ ಒಳಮನೆಯಲ್ಲಿ ಮಲಗಿಸಿದ್ದಾನೆ. ಅಡುಗೆಮನೆಯ ಪಕ್ಕ. ಹಾಗೆ ಮಾಡಿದನೆಂದರೆ… ಬರೆಯಲಾರೆ.

ನಮ್ಮವರು ಗುಡಾಣದ ಮುಂದೆ ಕುಸಿದರು. "ಹೇಳಿದ್ನಲ್ಲ ಲೇ. ಹೇಳಿದ್ನಲ್ಲ."

ತಡೆಯಲಾಗಲಿಲ್ಲ. "ಅದು ನನ್ನ ಹತ್ರ ಐತಿ" ಅಂದೆ.

ಕೈ ನೀಡಿದರು. ನಾನು ಉಡಿ ಬಿಚ್ಚುವಷ್ಟರಲ್ಲಿ ತಾವೇ ಕೈ ಹಿಂದೆ ಎಳೆದುಕೊಂಡರು. "ಬ್ಯಾಡ. ಕೊಟ್ರ ಮತ್ತ ಮುಚ್ಚಿಡತೀನಿ. ಅಪ್ಪನ ಅಂಜಿಕಿಗೆ ಮಗಳ ಬಾಳು ಕಟ್ಟಿ ಹಾಕಿದೆ. ಸಾಕು."

ಸಲಿಕೆ ತೆಗೆದುಕೊಂಡು ಹುಣಸೆಮರದ ಕೆಳಗೆ ಮೊಣಕೈ ಆಳ ತೋಡಿದರು. ಇಷ್ಟು ವರ್ಷದಲ್ಲಿ ಅವರು ಅಳುತ್ತ ಕೆಲಸ ಮಾಡಿದ್ದು ನೋಡಿರಲಿಲ್ಲ. "ಹಾಕು. ನನ್ನ ಕೈ ನಂಬಂಗಿಲ್ಲ" ಎಂದು ಸಲಿಕೆ ನನಗೆ ಕೊಟ್ಟು ಹೋದರು. ಬಂಡಿ ಹೂಡಿದರು. ಹೋರಿ ಜೋಡಿಯ ಹಗ್ಗ ಬಿಚ್ಚಿ ಬಂಡಿಯ ಹಿಂದೆ ಕಟ್ಟಿದರು. ಮರಿಬಸಪ್ಪನಿಗೆ.

ನಾನು ಕುಣಿಯ ಮುಂದೆ ನಿಂತೆ. ಚಿಂದಿ ಬಿಚ್ಚಿದೆ. ಸವೆದ ಸಣ್ಣ ಮುಖ, ಮೂಗು ಸಹ ಉಳಿದಿಲ್ಲ. ಮೂರು ಕೂಸುಗಳನ್ನು ನೆನೆದೆ. ಆಮೇಲೆ ಈರಿಯನ್ನು.

ಕೈ ಬಿಚ್ಚಲಿಲ್ಲ.

"ಹಾಕಿದೇನು?" ಬಂಡಿಯಿಂದ ಕೂಗಿದರು.

"ಹಾಕೀನ್ರಿ" ಅಂದೆ. ಖಾಲಿ ಕುಣಿಗೆ ಮಣ್ಣು ಎಳೆದು ಕಾಲಿನಿಂದ ತುಳಿದೆ.

ಮತ್ತೆ ಕರೆಯುತ್ತಿದ್ದಾರೆ. ರೂತಳ ಗೊಂಬೆ ತೆಗೆದುಕೊಳ್ಳಲು ಎಂದು ಒಳಗೆ ಬಂದವಳು ನಿಂತೇ ಬರೆಯುತ್ತಿದ್ದೇನೆ. ಇದು ಉಡಿಯಲ್ಲಿದೆ, ಬೆಚ್ಚಗೆ. ಕರ್ತನೇ, ನಿನ್ನ ಕಣ್ಣಿಗೆ ಮರೆ ಇಲ್ಲ. ಈರಿ ಒಂದು ಸಲ ಎದ್ದು ಕೂತಳೆಂದರೆ ಸಾಕು, ಆಗ ಇದನ್ನು ಅಲ್ಲಿಯೇ, ಯಾವ ಮರ ಸಿಕ್ಕರೂ ಅದರ ಕೆಳಗೆ — ಮಾತು ಕೊಡುತ್ತೇನೆ, ಇದೊಂದು ಸಲ ಉಳಿಸು, ನಾನು